ನಿಗರಾನಿ ಸಾಹೇಬರ ಸಮುದ್ರ

ಇದನ್ನು ಬರೆಯಲು ಎಷ್ಟೋ ಸಲ ಕೂತಿದ್ದೇನೆ, ಎಷ್ಟೋ ಸಲ ಎದ್ದುಹೋಗಿದ್ದೇನೆ. ಮೊದಲು ನೌಕರಿಯ ನೆಪವಿತ್ತು, ಆಮೇಲೆ ಮಕ್ಕಳ ಮದುವೆಯ ನೆಪ, ಅದೂ ಮುಗಿದ ಮೇಲೆ ಕಣ್ಣಿನ ಪೊರೆಯ ನೆಪ. ಹೋದ ವರ್ಷ ಪೊರೆ ತೆಗೆಸಿದರು. ಅಕ್ಷರ ನಿಚ್ಚಳವಾಗಿ ಕಾಣತೊಡಗಿತು. ಇನ್ನು ಮುಂದೂಡಲು ನನ್ನ ಹತ್ತಿರ ಏನೂ ಉಳಿದಿಲ್ಲ.

ಬೀದರಿನಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಚೌಬಾರಾ ಗೋಪುರದ ಹತ್ತಿರದ ಹಳೆಯ ಕಲ್ಲಿನ ಮನೆಯೊಂದರಲ್ಲಿ ನಮ್ಮ ಸರಕಾರಿ ಕಚೇರಿ. ಅದರ ಹಿಂದಿನ ಕೋಣೆಯಲ್ಲಿ ಆ ಸಮುದ್ರ. ದೊಡ್ಡ ತಾಮ್ರದ ಪರಾತದಲ್ಲಿ ಉಪ್ಪುನೀರು, ಪರಾತದ ಕೆಳಗೆ ಬೆಚ್ಚನೆಯ ಇದ್ದಿಲು, ನೀರಿನ ನಡುವೆ ಒಂದು ಮಣೆ, ಮಣೆಯ ಮೇಲೆ ಕಪ್ಪು ಲೋಹಕ್ಕೆ ಬೆಳ್ಳಿ ಕೂಡಿಸಿದ ಬಿದರಿ ಹೂದಾನಿ. ಮೇಲೆ ಬಿದಿರಿನ ಬುಟ್ಟಿ ಬೋರಲು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕೋಟು ತೊಟ್ಟ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ ಎತ್ತರದ ಮನುಷ್ಯರೊಬ್ಬರು ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದರು. ನಡುನಡುವೆ ಪರಾತವನ್ನು ಕಾಲಿನಿಂದ ಒದ್ದು ತೆರೆ ಎಬ್ಬಿಸುತ್ತಿದ್ದರು.

“ಗಾಳಿ ಎದ್ದದಪಾ! ಜಹಾಜ ಹೊಯ್ದಾಡ್ಲತ್ತದ! ಹಿಡಿಯೋ, ಹಿಡಿ!”

ಹೂದಾನಿ ಬೀಳದಂತೆ ನಾನು ಮಣೆ ಹಿಡಿಯುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರೂ ಸಮುದ್ರ ಕಂಡವರಲ್ಲ.

ಅವರನ್ನು ಊರೆಲ್ಲ ನಿಗರಾನಿ ಸಾಹೇಬರು ಎಂದು ಕರೆಯುತ್ತಿತ್ತು. ಪೊಲೀಸ್ ಆಕ್ಷನ್ ಮುಗಿದು, ನಿಜಾಮರ ಆಡಳಿತ ಹೋಗಿ, ಹೈದರಾಬಾದು ರಾಜ್ಯ ಹೊಸ ಸರಕಾರದ ಕೈಗೆ ಬಂದಿದ್ದ ವರ್ಷಗಳು ಅವು. ನಮ್ಮ ಕೈಕಸುಬಿನ ಸಾಮಾನುಗಳನ್ನು ಹೊರದೇಶಗಳಿಗೆ ಕಳಿಸಿ ಮಾರಿಸುವ ಯೋಜನೆಯೊಂದನ್ನು ಸರಕಾರ ಶುರುಮಾಡಿತ್ತು. ಆ ಯೋಜನೆಯ ಮೇಲೆ ಕಣ್ಣಿಡುವ ನಿಗರಾನಿಯೇ ಇವರ ಕೆಲಸ. ಸರಕಾರ ಕೊಟ್ಟ ಬೆಳ್ಳಿ ಸಾಮಾನಿನೊಳಗೆ ಹೋಯಿತೋ ಇಲ್ಲವೋ, ಒಡಕು ಮುರುಕು ಪೆಟ್ಟಿಗೆ ಸೇರಿತೋ, ನಡುವೆ ಯಾರಾದರೂ ಕೈಯಾಡಿಸಿದರೋ, ಎಲ್ಲ ನೋಡಿ ಕೊನೆಗೆ ಪೆಟ್ಟಿಗೆಯ ಮೇಲೆ ಅರಗು ಕರಗಿಸಿ ಮೊಹರು ಒತ್ತಬೇಕು. ಆ ಮೊಹರಿಲ್ಲದೆ ಅಂಗಿಯ ಒಂದು ಗುಂಡಿಯೂ ಬೀದರ ಬಿಟ್ಟು ಹೊರಡುವಂತಿರಲಿಲ್ಲ.

ನಾನು ಭಾಲ್ಕಿಯವನು. ಅಲ್ಲಿನ ಗಂಜ್ ಪೇಟೆಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ. ಉರ್ದುವಿನಲ್ಲಿ ಮೆಟ್ರಿಕ್ ಪಾಸಾಗಿ, ಪೆಟ್ಟಿಗೆ ಕಟ್ಟಿಸುವ ಹಂಗಾಮಿ ಗುಮಾಸ್ತನಾಗಿ ಅವರ ಕೈಕೆಳಗೆ ಸೇರಿದೆ. ಸಾಹೇಬರು ಔರಾದ ತಾಲ್ಲೂಕಿನ ಡಾಬಕಾದವರು, ಕುರಿ ಕಾಯುವ ಮನೆತನ. ಆ ಮನೆಯಲ್ಲಿ ಸಾಲೆಯ ಮೆಟ್ಟಿಲು ಹತ್ತಿದವರು ಅವರೊಬ್ಬರೇ. ಬೇಸಿಗೆಯಲ್ಲೂ ಆ ಕಂಬಳಿ ಯಾಕೆ ಎಂದು ಯಾರಾದರೂ ಕೇಳಿದರೆ, “ಕೋಟು ನೌಕರಿಗಿ, ಕಂಬಳಿ ನನಗ” ಎನ್ನುತ್ತಿದ್ದರು. ಅವರ ಬಾಯಲ್ಲಿ ಸದಾ ಇದ್ದ ಮಾತು ಇನ್ನೊಂದು: “ಬಿಚ್ಚಿ ತೋರ್ಸು.” ಮೊಳೆ ಹೊಡೆದ ಪೆಟ್ಟಿಗೆಯಿರಲಿ, ಹೊಲಿದ ಚೀಲವಿರಲಿ, ಬಿಚ್ಚಿ ತೋರಿಸಬೇಕು. ನನ್ನ ಊಟದ ಡಬ್ಬಿಯನ್ನೂ ಒಮ್ಮೆ ಬಿಚ್ಚಿಸಿದ್ದರು. ಅದು ಮಾತ್ರ ನಮ್ಮವ್ವ ಮಾಡಿದ ಶೇಂಗಾ ಹೋಳಿಗೆಗಾಗಿ.

ಬಿದರಿ ಕಸುಬಿನವರ ಓಣಿಯಲ್ಲಿ ಆಗ ಬಾಗಿಲುಗಳು ಮುಚ್ಚಿಯೇ ಇರುತ್ತಿದ್ದವು. ಹುಕ್ಕಾ, ಪಾನದಾನ ಕೊಳ್ಳುತ್ತಿದ್ದ ನವಾಬರು, ಜಾಗೀರದಾರರು ಇಲ್ಲವಾಗಿದ್ದರು. ಕುಲುಮೆಗಳು ತಣ್ಣಗಾಗಿದ್ದವು. ಪೊಲೀಸ್ ಆಕ್ಷನ್ನಿನ ದಿನಗಳಲ್ಲಿ ಆ ಜನ ಕಂಡದ್ದನ್ನು ನಾನಿಲ್ಲಿ ಹೇಳಲು ಹೋಗುವುದಿಲ್ಲ. ಸರಕಾರದವರು ಬಂದರು ಎಂದರೆ ಒಳಗಿನ ಅಗುಳಿ ಇನ್ನೂ ಬಿಗಿಯಾಗುತ್ತಿತ್ತು, ಅಷ್ಟು ಸಾಕು. ಸಾಹೇಬರು ಮೊದಲ ದಿನ ಹೋದಾಗ ಉಸ್ತಾದ್ ಖಾಜಾಮಿಯಾ ಅವರ ಬಾಗಿಲೂ ತೆರೆಯಲಿಲ್ಲ. ಆ ಓಣಿಗೆಲ್ಲ ಹಿರಿಯ ಕಸುಬುದಾರರು ಅವರು. ಸಾಹೇಬರು ಬಾಗಿಲು ಬಡಿಯಲಿಲ್ಲ. ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತು ಕೂಗಿದರು:

“ಬಾಗ್ಲಾ ತೆಗೀಬ್ಯಾಡ್ರಿ ಉಸ್ತಾದ್. ಒಳಗಿಂದೇ ಹೇಳ್ರಿ, ಚಹಾದಾಗ ಸಕ್ರಿ ಹಾಕ್ತೀರೋ, ಬೆಲ್ಲಾನೋ?”

ಆಮೇಲೆ ಒಳಗಿನಿಂದ ನಗು. ಬಾಗಿಲು ತೆರೆದು ಬಿಳಿ ಗಡ್ಡದ ಉಸ್ತಾದರು ಹೊರಗೆ ಬಂದರು. “ಸರಕಾರ ಬಂದು ಚಹಾ ಬೇಡೋದು ಇದೇ ಮೊದಲ ನೋಡ್ಲತ್ತೀನಿ. ಬರ್ರಿ, ಬೆಲ್ಲ ಅದ.”

ಅಲ್ಲಿಂದ ಶುರುವಾಯಿತು ನೋಡಿ! ಎಂಥ ದಿನಗಳು! ಒಂದೊಂದೇ ಕುಲುಮೆ ಹೊತ್ತಿತು. ಓಣಿಯ ಈ ತುದಿಯಿಂದ ಆ ತುದಿಗೆ ಚಿಕ್ಕ ಸುತ್ತಿಗೆಗಳ ಟಿಕ್ ಟಿಕ್. ಹೊರದೇಶದವರು ಎಲೆ ಅಡಿಕೆ ತಿನ್ನುವುದಿಲ್ಲವಂತೆ, ಹಾಗಾದರೆ ಪಾನದಾನ ಒಡವೆಯ ಪೆಟ್ಟಿಗೆಯಾಗಲಿ. ಹುಕ್ಕಾ ಸೇದುವುದಿಲ್ಲವಂತೆ, ಹುಕ್ಕಾದ ಬುಡ ಮೇಜಿನ ದೀಪವಾಗಲಿ. ಉಸ್ತಾದರಿಗೆ ಇದು ಹಿಡಿಸಲಿಲ್ಲ.

“ಹುಕ್ಕಾದ ಮ್ಯಾಲ ದೀಪಾ ಹಚ್ತಾರಂತ! ತಲಿ ಬರೋಬ್ಬರಿ ಅದೇನ್ರಿ ಅವರ್ದು?”

“ನೀವು ಅದರಾಗಿಂದ ಹೊಗಿ ತೆಗದ್ರಿ, ಅವರು ಬೆಳಕು ತೆಗೀತಾರ. ನಿಮಗೇನಾಗ್ಬೇಕು? ಬೆಳ್ಳಿ ಬಳ್ಳಿ ಬರೋಬ್ಬರಿ ಕೂಡಸ್ರಿ” ಎಂದರು ಸಾಹೇಬರು.

ಕಚೇರಿಯ ಗೋಡೆಗೆ ಸಾಲೆಯೊಂದರಿಂದ ಬೇಡಿ ತಂದ ಜಗತ್ತಿನ ನಕಾಶೆ ತೂಗುಹಾಕಿದ್ದರು. ಕಸುಬಿನವರು ಬೆಳ್ಳಿ ಒಯ್ಯಲು ಬಂದಾಗಲೆಲ್ಲ ಅದರ ಮುಂದೆ ನಿಲ್ಲಿಸಿ ಬೆರಳಾಡಿಸುತ್ತಿದ್ದರು. “ಇಲ್ಲಿ ಮುಂಬಯಿ. ಇಲ್ಲಿಂದ ಜಹಾಜ. ಹಿಂಗ ಹೋಗಿ, ಹಿಂಗ ಹೊಳ್ಳಿ, ಇಲ್ಲಿ ಇಳೀತದ ನಿಮ್ಮ ಹೂದಾನಿ. ಬಿಳಿ ಮಡ್ಡಂ ಒಬ್ಬಾಕಿ ಎತ್ತಿ ನೋಡ್ತಾಳ. ‘ಅಬಬಬ, ಏನ್ ಕಪ್ಪು!’ ಅಂತಾಳ.” ಆ ಮಡ್ಡಮ್ಮಳ ದನಿಯನ್ನು ಅವರು ತೆಳ್ಳಗೆ ಮಾಡಿ ಅನುಕರಿಸಿದಾಗ ಗಡ್ಡದ ಹಿರಿಯರೂ ಬಾಯಿಗೆ ರುಮಾಲು ಒತ್ತಿಕೊಂಡು ನಗುತ್ತಿದ್ದರು. ರಾತ್ರಿ ಮಲಗಿದರೂ ನನ್ನ ಕಣ್ಣ ಮುಂದೆ ಜಹಾಜುಗಳೇ.

ಒಮ್ಮೆ ಹೈದರಾಬಾದಿನಿಂದ ದೊಡ್ಡ ಅಧಿಕಾರಿ ಬಂದರು. ಕಾರು, ಟೋಪಿ, ಅತ್ತರಿನ ವಾಸನೆ. ಎಲ್ಲ ನೋಡಿ ಹೊಗಳಿದರು. ಹೊರಡುವಾಗ ಅವರ ಚೀಲ ಬಂದಾಗಿನದಕ್ಕಿಂತ ಉಬ್ಬಿತ್ತು. ಸಾಹೇಬರು ಬಾಗಿಲಿಗೆ ಅಡ್ಡ ನಿಂತರು.

“ಸಾಹೇಬ್ರ, ಚೀಲ ಜರಾ ಬಿಚ್ಚಿ ತೋರ್ಸ್ರಿ.”

ಅಧಿಕಾರಿಯ ಮುಖ ಕೆಂಪಾಯಿತು. “ನಾನು ಯಾರು ಅಂತ ಗೊತ್ತದೇನು?”

“ಗೊತ್ತದ್ರಿ. ಅದಕ್ಕೇ ‘ಜರಾ’ ಅಂದೆ.”

ಚೀಲದಿಂದ ಉದ್ದ ಕತ್ತಿನ ಬಿದರಿ ಸುರಾಯಿಯೊಂದು ಹೊರಬಂತು. ನಮೂನೆಗೆಂದು ಇಟ್ಟುಕೊಂಡೆ ಎಂದರು ಅವರು. “ನಮೂನಿ ನಾವೇ ಕಳಸ್ತೇವ್ರಿ, ಮೊಹರ ಹಾಕಿ” ಎಂದು ಸಾಹೇಬರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಕಾರು ಹೋದ ಮೇಲೆ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಅಧಿಕಾರಿ ಅದನ್ನು ಮರೆಯಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಕೊನೆಗೂ ಆ ದೊಡ್ಡ ಬೇಡಿಕೆ ಬಂತು. ಸಮುದ್ರದಾಚೆಯ ಅಂಗಡಿಯೊಂದು ಹೂದಾನಿ, ದೀಪ, ಒಡವೆ ಪೆಟ್ಟಿಗೆ ಎಲ್ಲ ಸೇರಿಸಿ ಕೇಳಿತ್ತು. ಈ ಸಾಮಾನು ನೆಟ್ಟಗೆ ಮುಟ್ಟಿದರೆ ವರ್ಷವರ್ಷವೂ ಬೇಡಿಕೆ. ಕೆಟ್ಟರೆ ಬೀದರಿನ ಯೋಜನೆಯೇ ಬಂದ್ ಎಂದು ಹೈದರಾಬಾದಿನಿಂದ ಖಡಕ್ ಹುಕುಂ. ಕುಲುಮೆಗಳು ಉರಿಯಬೇಕೋ ಆರಬೇಕೋ ಎಂಬುದು ಆ ಪೆಟ್ಟಿಗೆಗಳ ಮೇಲೆ ನಿಂತಿತ್ತು.

ಬಿದರಿಗೆ ಶತ್ರು ತೇವ. ಕೋಟೆಯ ಮಣ್ಣಿನಿಂದ ಬರಿಸಿದ ಆ ಕಪ್ಪಿನ ಮೇಲೆ ಹಸಿ ತಗುಲಿ ನಿಂತರೆ ಬಿಳಿಯ ಬೂಷ್ಟು ಏಳುತ್ತದೆ. ಜಹಾಜಿನ ಹೊಟ್ಟೆಯಲ್ಲಿ ಅಷ್ಟು ದಿನ ಇರುವ ಸಾಮಾನನ್ನು ಯಾವುದರಲ್ಲಿ ಸುತ್ತಬೇಕು? ಪರಾತದ ಸಮುದ್ರ ಕಟ್ಟಿದ್ದೇ ಇದಕ್ಕಾಗಿ. ಜೋಳದ ಒಣ ದಂಟಿನ ಕಣಕಿ ಸುತ್ತಿ ಇಟ್ಟರು, ಬೂಷ್ಟು ಬಂತು. ಹತ್ತಿ ಸುತ್ತಿದರು, ಬಂತು. ಕೊನೆಗೆ ಒಂದು ದಿನ ತಮ್ಮ ಕಂಬಳಿಯ ಮೂಲೆಯನ್ನು ನೋಡುತ್ತ ಕೂತಿದ್ದವರು ತಟ್ಟನೆ ಎದ್ದರು.

“ಕುರಿ ಮಳ್ಯಾಗ ನಿಂತ್ರೂ ತೊಗಲಿಗಿ ನೀರು ಹೋಗಂಗಿಲ್ಲ, ಯಾಕ ಹೇಳು? ಉಣ್ಣಿಯಾಗ ಜಿಡ್ಡು ಅದ! ಥೂ ನನ್ನ, ಕುರಿ ಬೆನ್ನಿನ್ಯಾಗೇ ಬೆಳದು ಇಷ್ಟು ದಿನ ಹೊಳೀಲಿಲ್ಲಲ್ಲೋ!”

ತೊಳೆಯದ ಉಣ್ಣೆಯನ್ನು ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಅದರಲ್ಲಿ ಸುತ್ತಿದ ಹೂದಾನಿ ಆ ಪರಾತದ ಮೇಲೆ ಎಷ್ಟು ದಿನ ಇಟ್ಟರೂ ನೇರಳೆ ಹಣ್ಣಿನಂತೆ ಕಪ್ಪಗೆ ಹೊಳೆಯುತ್ತಿತ್ತು. ಸಾಹೇಬರು ಕಚೇರಿಯಲ್ಲಿ ಕುಣಿದೇಬಿಟ್ಟರು. ನನಗೆ ಹೇಳಿದರು: “ನೆನಪಿಡು. ತೊಳೀಬ್ಯಾಡ. ಬಿಸಲಿಗಿ ಹಾಕು, ಬಡಿ, ಸಾಕು.”

ಉಣ್ಣೆ ತಂದವಳು ಅವರ ಅಕ್ಕ ಲಗಮವ್ವ, ಎಕಂಬಾ ಹಳ್ಳಿಗೆ ಕೊಟ್ಟ ಹೆಣ್ಣುಮಗಳು. ಔರಾದದಿಂದ ಬಸ್ಸಿನ ತಲೆಯ ಮೇಲೆ ಚೀಲಗಳನ್ನು ಹೇರಿಸಿಕೊಂಡು ಬಂದಳು. ಚೀಲ ಕಚೇರಿಗೆ ಬಂದದ್ದೇ ತಡ, ಕುರಿಹಟ್ಟಿಯೇ ಒಳಗೆ ಬಂದಂತಾಯಿತು. ನನ್ನ ಕೈ ಮೂಗಿಗೆ ಹೋಯಿತು. ಲಗಮವ್ವ ಸೊಂಟಕ್ಕೆ ಕೈಕೊಟ್ಟು ನಿಂತಳು.

“ಯಾಕೋ ತಮ್ಮಾ, ಥಂಡ್ಯಾಗ ಕಂಬಳಿ ಹೊತ್ಕೊಂಡು ಮಲ್ಗಾಗೂ ಹಿಂಗೇ ಮೂಗು ಮುಚ್ಕೋತೀಯೇನು?”

ಸಾಹೇಬರು ಜೋರಾಗಿ ನಕ್ಕರು. ನಾನೂ ನಕ್ಕೆ, ಆದರೆ ಮೂಗಿನ ಮೇಲಿನ ಕೈ ತೆಗೆಯಲಿಲ್ಲ.

ಪೆಟ್ಟಿಗೆ ಕಟ್ಟುವ ವಾರ ಸಾಹೇಬರು ಮುಂದಿನ ಸಲದ ಉಣ್ಣೆಯ ಮಾತಾಡಲು ಔರಾದ ಕಡೆ ಹೋದರು. ನಾನೊಬ್ಬನೇ ಉಳಿದೆ. ನಕಾಶೆಯ ಮುಂದೆ ನಿಂತು ಆ ಮಡ್ಡಮ್ಮಳನ್ನು ನೆನೆದೆ. ಅವಳು ಪೆಟ್ಟಿಗೆ ತೆರೆಯುತ್ತಾಳೆ, ಕುರಿಯ ನಾತ ಮೂಗಿಗೆ ಹೊಡೆಯುತ್ತದೆ, ಮುಖ ಸಿಂಡರಿಸುತ್ತಾಳೆ. ನಮ್ಮ ಬೀದರ, ನಮ್ಮ ದೇಶ, ಎಲ್ಲ ಕುರಿಹಟ್ಟಿಯಂತೆ ನಾರುತ್ತದೆ ಎಂದುಕೊಳ್ಳುತ್ತಾಳೆ. ನನಗೆ ತಡೆಯಲಾಗಲಿಲ್ಲ. ಉಣ್ಣೆಯನ್ನೆಲ್ಲ ಅಗಸರಿಗೆ ಹಾಕಿಸಿದೆ. ಅವರು ಬಟ್ಟೆ ಒಗೆಯುವ ಹಾಗೆಯೇ ಉಪ್ಪುಪ್ಪಾದ ಸವಳು ಮಣ್ಣು ಹಚ್ಚಿ, ಜಿಡ್ಡೆಲ್ಲ ಬಿಡುವವರೆಗೆ ತಿಕ್ಕಿ ತಿಕ್ಕಿ ತೊಳೆದರು. ಬಂಡೆಯ ಮೇಲೆ ಒಣಗಿಸಿದರು. ಉಣ್ಣೆ ಹೂವಿನಂತಾಗಿ ಬಂತು. ಮೂಗಿಗೆ ಹಿಡಿದು ನೋಡಿದೆ, ಏನೂ ನಾತವಿಲ್ಲ. ಎಷ್ಟು ಹಿಗ್ಗಿದೆ! ನಾನೇ ಕೈಯಾರೆ ಒಂದೊಂದು ಸಾಮಾನನ್ನೂ ಅದರಲ್ಲಿ ಸುತ್ತಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಸಿದೆ. ಹೊರಗೆ ಒಣಗಿದ್ದ ಉಣ್ಣೆಯ ಒಳಗೆ ಹಸಿ ಇತ್ತು, ಸವಳೂ ಇತ್ತು. ಅದು ನನಗೆ ತಿಳಿಯಲಿಲ್ಲ. ತಿಳಿಯುವ ಮನಸ್ಸೂ ಇರಲಿಲ್ಲ.

ಸಾಹೇಬರು ಬಂದದ್ದು ಪೆಟ್ಟಿಗೆ ರೈಲಿಗೆ ಹೋಗುವ ದಿನ. ಓಣಿಗೆ ಓಣಿಯೇ ಕಚೇರಿಯ ಮುಂದೆ ನೆರೆದಿತ್ತು. ಟಾಂಗಾಗಳಿಗೆ ಯಾರೋ ಚೆಂಡು ಹೂ ಕಟ್ಟಿದ್ದರು. ಹುಡುಗರು ಟಾಂಗಾದ ಮುಂದೆ ಓಡಲು ಸಿದ್ಧವಾಗಿ ನಿಂತಿದ್ದರು. ಉಸ್ತಾದರು ಹೊಸ ಶೇರವಾನಿ ತೊಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಪೆಟ್ಟಿಗೆಗಳ ಮೇಲೆ ಕೈಯಾಡಿಸುತ್ತಿದ್ದರು. ರೈಲಿನ ಹೊತ್ತಾಗಿತ್ತು. ಸಾಹೇಬರು ಅರಗು ಕಾಯಿಸುತ್ತ ಎಂದಿನಂತೆ ಹೇಳಿದರು:

“ಬಿಚ್ಚಿ ತೋರ್ಸು.”

ನಾನು ಪೆಟ್ಟಿಗೆಯ ಮುಂದೆ ಬಂದು ನಿಂತೆ. “ರೈಲು ತಪ್ತದ್ರಿ ಸಾಹೇಬ್ರ.”

“ಒಂದು ಬಿಚ್ಚು, ಸಾಕು.”

ಆಗ ನಾನು ಎಲ್ಲರ ಮುಂದೆ, ದನಿ ಎತ್ತಿ ಅಂದೆ: “ನನ್ನ ಮ್ಯಾಲ ಭರವಸಾ ಇಲ್ಲೇನ್ರಿ?”

ಅವರು ನನ್ನ ಮುಖ ನೋಡಿದರು. ಅಷ್ಟು ಜನರ ನಡುವೆ ನನ್ನ ಮಾನ ಹೋಗಬಾರದು ಎಂದುಕೊಂಡಿರಬೇಕು. “ಅದ ಬಿಡಪಾ, ಯಾಕಿಲ್ಲ” ಎಂದು ಅರಗು ಸುರಿದು ಮೊಹರು ಒತ್ತಿದರು. ನೋಡದೆ ಅವರು ಮೊಹರು ಒತ್ತಿದ್ದು ಅದೊಂದೇ ಸಲ. ಟಾಂಗಾಗಳು ಹೊರಟವು. ಸ್ಟೇಷನ್ನಿನವರೆಗೂ ಚಪ್ಪಾಳೆ, ಕೂಗಾಟ. ರೈಲು ಕಣ್ಮರೆಯಾದ ಮೇಲೂ ಸಾಹೇಬರು ಕಂಬಳಿ ಬೀಸುತ್ತಲೇ ಇದ್ದರು.

ಮಳೆಗಾಲ ಮುಗಿದ ಮೇಲೆ ಅದೇ ಅಧಿಕಾರಿ ಬಂದರು. ಈ ಸಲ ಅವರೇ ಚೀಲ ಬಿಚ್ಚಿದರು. ಅದರೊಳಗಿಂದ ಬಂದದ್ದು ಸಮುದ್ರದಾಚೆಯಿಂದ ಮರಳಿದ ಉಸ್ತಾದರ ಹೂದಾನಿ. ಕಪ್ಪಿನ ತುಂಬ ಬಿಳಿ ತೊನ್ನು. ಬೆಳ್ಳಿಯ ಬಳ್ಳಿಗಳು ಬೂದಿಯಲ್ಲಿ ಬಿದ್ದಂತಿದ್ದವು. ಉಸ್ತಾದರು ಅದನ್ನು ನೋಡಿ ನೆಲದ ಮೇಲೆ ಕೂತುಬಿಟ್ಟರು.

“ಕಳಿಸಿದ್ದೆಲ್ಲ ಹೀಗೆಯೇ ಮುಟ್ಟಿದೆ,” ಎಂದು ಅಧಿಕಾರಿ ಉರ್ದುವಿನಲ್ಲಿ ಹೇಳಿದರು. “ಬೀದರಿನ ಕಪ್ಪು ಸಮುದ್ರ ದಾಟುವುದಿಲ್ಲ ಎಂದು ಬರೆಯುತ್ತೇನೆ. ಇಲ್ಲಿಗೆ ಮುಗಿಯಿತು.”

ಸಾಹೇಬರು ಹೂದಾನಿಗೆ ಅಂಟಿದ್ದ ಉಣ್ಣೆಯ ಎಳೆಯೊಂದನ್ನು ಕಿತ್ತು ಮೂಸಿದರು. ನಾಲಿಗೆಗೆ ಹಚ್ಚಿ ನೋಡಿದರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

“ಕಪ್ಪಿಂದು ತಪ್ಪಿಲ್ರಿ ಸಾಹೇಬ್ರ,” ಎಂದು ಅವರು ಅಧಿಕಾರಿಗೆ ಹೇಳಿದರು. “ಎರಡು ದಿನ ನಿಲ್ರಿ, ತೋರಸ್ತೀನಿ.”

ಪರಾತಕ್ಕೆ ನೀರು ಬಿತ್ತು. ತೊಳೆದ ಉಣ್ಣೆ ಸುತ್ತಿದ್ದೊಂದು, ತೊಳೆಯದ್ದು ಸುತ್ತಿದ್ದೊಂದು, ಎರಡನ್ನೂ ಅಕ್ಕಪಕ್ಕ ಇಟ್ಟರು. ಓಣಿಯ ಜನ ಹಗಲೆಲ್ಲ ಬಂದು ಇಣುಕಿ ಹೋಗುತ್ತಿದ್ದರು. ಬುಟ್ಟಿ ಎತ್ತಿದಾಗ ಒಂದರ ಮೇಲೆ ಬೂಷ್ಟು ಎದ್ದಿತ್ತು, ಇನ್ನೊಂದು ಫಳಫಳ. ಉಸ್ತಾದರು “ಯಾ ಅಲ್ಲಾ!” ಎಂದು ಎದ್ದು ನಿಂತರು. ಹೊರಗೆ ಜನ ಕೇಕೆ ಹಾಕಿದರು. ಅಧಿಕಾರಿಯೂ ತಲೆಯಾಡಿಸಲೇಬೇಕಾಯಿತು. ಕಪ್ಪು ಗೆದ್ದಿತ್ತು. ಆ ಗದ್ದಲದ ನಡುವೆಯೇ ಅಧಿಕಾರಿ ಕೇಳಿದರು:

“ಹಾಗಾದರೆ ಉಣ್ಣೆ ತೊಳೆಸಿದವರು ಯಾರು?”

ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ಕಾಯಂ ಆಗುವ ಹೊತ್ತಿನಲ್ಲಿದ್ದ ನೌಕರಿ, ಭಾಲ್ಕಿಯಲ್ಲಿ ನನ್ನ ಬಗ್ಗೆ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ ಅಪ್ಪ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನಾನು ಸುಮ್ಮನಿದ್ದೆ. ಸಾಹೇಬರು ಸ್ವಲ್ಪ ಹೊತ್ತು ಕಾದರು. ನನಗಾಗಿಯೇ ಕಾದರು, ಅದು ನನಗೆ ಗೊತ್ತಿತ್ತು.

ಆಮೇಲೆ ಹೇಳಿದರು: “ಯಾರು ತೊಳಸಿದ್ರೇನ್ರಿ? ಬಿಚ್ಚಿ ನೋಡಲಾರದೆ ಮೊಹರ ಹಾಕಿದವ ನಾನು. ನಂದೇ ತಪ್ಪು ಅಂತ ಬರ್ಕೋರಿ. ಕುಲುಮಿ ಮಾತ್ರ ಆರಸ್ಬ್ಯಾಡ್ರಿ.”

ಅಧಿಕಾರಿ ಸಂತೋಷದಿಂದಲೇ ಬರೆದುಕೊಂಡರು. ಯೋಜನೆ ಉಳಿಯಿತು, ಸಾಹೇಬರ ನೌಕರಿ ಹೋಯಿತು. ಹೋಗುವ ದಿನ ಅವರು ನನ್ನನ್ನು ಬೈಯಲಿಲ್ಲ. ಮೊಹರನ್ನು ಮೇಜಿನ ಮೇಲಿಟ್ಟು, ಕಂಬಳಿ ಸರಿಮಾಡಿಕೊಂಡು, ಒಂದೇ ಕೇಳಿದರು:

“ಕುರಿ ನಾತಕ್ಕ ನಾಚ್ಕೊಂಡ್ಯಾ?”

ಅದು ಕುರಿಯ ಮಾತಲ್ಲ, ಕುರಿ ಕಾಯುವವರ ಮಾತು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಕೆಲವು ತಿಂಗಳಲ್ಲಿ ಅವರ ಕುರ್ಚಿ, ಅವರ ಮೊಹರು ನನಗೇ ಬಂದವು.

ಹೈದರಾಬಾದು ರಾಜ್ಯ ಒಡೆದು ಭಾಷೆಯ ಮೇಲೆ ಹೊಸ ರಾಜ್ಯ ಆಗುವ ಸ್ವಲ್ಪ ಮೊದಲು, ಉಣ್ಣೆಯ ಕೆಲಸಕ್ಕೇ ನಾನು ಔರಾದಕ್ಕೆ ಹೋಗಿದ್ದೆ. ಸಂತೆಯ ದಿನ. ಬಸ್ಸಿಗಾಗಿ ನಿಂತಿದ್ದಾಗ ಬೆನ್ನ ಹಿಂದಿನಿಂದ ಯಾರೋ ಕೂಗಿದರು. ತಿರುಗಿದರೆ ಅವರು! ಕೋಟಿರಲಿಲ್ಲ, ಕಂಬಳಿ ಇತ್ತು. ಎರಡು ಕುರಿಮರಿಗಳನ್ನು ಹಗ್ಗದಲ್ಲಿ ಹಿಡಿದಿದ್ದರು. ಕಣ್ಣಲ್ಲಿ ಅದೇ ಹೊಳಪು.

“ಬರ್ರಿ, ಬರ್ರಿ! ಈಗ ಎಲ್ಲಿತನ ಹೊಂಟದ್ರಿ ನಮ್ಮ ಸಾಮಾನು?”

ನನಗೆ ಅವರು ಮೊದಲ ಸಲ ‘ರಿ’ ಹಚ್ಚಿ ಮಾತಾಡಿದರು. ಜರ್ಮನಿಗೆ ಹೊರಟಿದೆ ಎಂದೆ.

“ಜರ್ಮನಿ!” ಹಗ್ಗ ಬಿಟ್ಟೇಬಿಟ್ಟರು. ಮರಿಗಳು ಓಡಿದವು, ಯಾರೋ ಹಿಡಿದು ತಂದುಕೊಟ್ಟರು. “ನಕಾಶ್ಯಾಗ ಮ್ಯಾಲ ಎಡಕ್ಕ ಅದಲ್ರಿ? ಅಲ್ಲಿ ಥಂಡಿ ಭಾಳಂತ. ಉಣ್ಣಿ ಜಾಸ್ತಿ ಸುತ್ರಿ. ಉಸ್ತಾದ್ ಹ್ಯಾಂಗಿದ್ದಾರ? ದೀಪ ಮಾಡ್ತಾರೋ, ಇನ್ನಾ ಬೈತಾರೋ?”

“ಬೈಕೋತ ಮಾಡ್ತಾರ್ರಿ.”

ತಲೆ ಹಿಂದಕ್ಕೆ ಹಾಕಿ ನಕ್ಕರು. ಆ ನಗುವಿನಲ್ಲಿ ನಾನು ಧೈರ್ಯ ತಂದುಕೊಂಡೆ. “ಸಾಹೇಬ್ರ, ಅವತ್ತು ನಾ...” ಎಂದೆ. ಬಸ್ಸು ಬಂತು. ಕಂಡಕ್ಟರು ಬೀದರ ಬೀದರ ಎಂದು ಕೂಗತೊಡಗಿದ.

“ಹತ್ರಿ, ಹತ್ರಿ, ಜಾಗ ಸಿಗಂಗಿಲ್ಲ. ಸರಕಾರಿ ಕೆಲಸ ಅದ ನಿಮಗ,” ಎಂದು ಅವರೇ ನನ್ನ ಬೆನ್ನಿಗೆ ಕೈಕೊಟ್ಟು ಹತ್ತಿಸಿದರು. ನಾನು ಹತ್ತಿದೆ. ಸಂಜೆಗೆ ಇನ್ನೊಂದು ಬಸ್ಸಿತ್ತು. ಅದು ಗೊತ್ತಿದ್ದೂ ಹತ್ತಿದೆ.

ಮತ್ತೆ ಅವರನ್ನು ಕಾಣಲಿಲ್ಲ. ಡಾಬಕಾ ಬೀದರಿನಿಂದ ಏನೂ ದೂರವಲ್ಲ; ಹೋಗಬಹುದಾಗಿದ್ದ ದಿನಗಳು ಎಷ್ಟೋ ಇದ್ದವು. ಅವರು ತೀರಿಹೋದರೆಂಬ ಸುದ್ದಿಯನ್ನು ಲಗಮವ್ವ ಉಣ್ಣೆಯ ಚೀಲದ ಜೊತೆಗೇ ತಂದಳು. “ಕಡೀತನ ಜಹಾಜಿಂದೇ ಮಾತಪಾ ಅವಂದು,” ಎಂದಳು. ಅವಳಿಗೂ ನಾನು ನಿಜ ಹೇಳಲಿಲ್ಲ.

ಬೀದರಿನ ಕಪ್ಪು ಇವತ್ತೂ ದೇಶದೇಶಕ್ಕೆ ಹೋಗುತ್ತದೆ. ಕುಲುಮೆ ಆರದಂತೆ ಉಳಿಸಿದ ಮನುಷ್ಯನ ಹೆಸರು ಯಾವ ಕಚೇರಿಯ ಗೋಡೆಯ ಮೇಲೂ ಇಲ್ಲ. ಅವರಿದ್ದಾಗ ಸಾಹೇಬರು ಎಂದು ಕರೆದೆನೇ ಹೊರತು ನಾನೂ ಆ ಹೆಸರು ಹಿಡಿದು ಹೇಳಿದವನಲ್ಲ. ನಾನು ತಪ್ಪು ಮಾಡಿ ಕ್ಷಮೆ ಕೇಳದೆ ಬಿಟ್ಟದ್ದು ಇವರನ್ನು: ಡಾಬಕಾದ ಬೀರಪ್ಪ ಮಾಳಪ್ಪ.